ಟೊರೊಂಟೊಗೆ ಹೊರಟಿರುವ ತಂಗಿಗೆ

ಸೋಮವಾರಪೇಟೆಯಿಂದ ನೀನು ಬರೆದದ್ದು ಓದಿದೆ. "ಅಕ್ಕ, ಸೆಪ್ಟೆಂಬರ್‌ನಲ್ಲಿ ಟೊರೊಂಟೊಗೆ ಹೊರಡುತ್ತೇನೆ. ಪ್ರಾಡಕ್ಟ್ ಮ್ಯಾನೇಜರ್ ಆಗುವ ಆಸೆ. ಆದರೆ ಅಲ್ಲಿನ ಜನಕ್ಕೆ ಏನು ಬೇಕು ಅಂತ ಕೊಡಗಿನವಳಾದ ನನಗೆ ಹೇಗೆ ಗೊತ್ತಾಗಬೇಕು?" ಅಂತ ಕೇಳಿದ್ದೀಯ. ಹನ್ನೆರಡು ವರ್ಷದಿಂದ ನಾನು ಅಲ್ಲೇ ಇದ್ದೇನೆ. ಈಗ ರಜೆಗೆ ಸಿದ್ದಾಪುರಕ್ಕೆ ಬಂದಿದ್ದೇನೆ, ಕಣದಲ್ಲಿ ಕಾಫಿ ಒಣಗುತ್ತಿದೆ. ಅದರಿಂದಲೇ ಶುರು ಮಾಡುತ್ತೇನೆ.

ಹೊರಡುವ ಮುಂಚೆ, ಬೆಂಗಳೂರಿನಲ್ಲಿ ಕೋಡ್ ಬರೆಯುತ್ತಿದ್ದಾಗ, ಮಾವನಿಗೆ ಒಂದು ಆ್ಯಪ್ ಮಾಡಿಕೊಟ್ಟಿದ್ದೆ. ಕಾಫಿ ಕುಯ್ಯುವವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ ಅಲ್ವಾ? ತೂಕ ಹಾಕಿದರೆ ವಾರದ ಕೂಲಿ ತಾನಾಗಿ ಬರುತ್ತಿತ್ತು. ಮಾವ ನೋಡಿ "ಚೆನ್ನಾಗಿದೆ ಕಣಮ್ಮ" ಅಂದರು. ಮುಂದಿನ ಕುಯ್ಲಿಗೆ ಬಂದರೆ ಕೈಯಲ್ಲಿ ಅದೇ ಹಳೇ ನೋಟ್‌ಬುಕ್. ಸಂಜೆ ತೂಕ ಹಾಕುವಲ್ಲಿ ಹೋಗಿ ನಿಂತೆ. ಮಾವನ ಬೆರಳಿಗೆಲ್ಲ ಹಣ್ಣಿನ ಅಂಟು, ಫೋನ್ ಮುಟ್ಟುವ ಹಾಗಿಲ್ಲ. ಚೀಲ ಕೊಕ್ಕೆಗೆ ಸಿಕ್ಕಿಸಿ, ಮುಳ್ಳು ನಿಂತ ಮೇಲೆ "ನಲವತ್ತೆರಡು" ಅಂತ ಜೋರಾಗಿ ಹೇಳುತ್ತಾರೆ. ಕುಯ್ದವಳು ಬಗ್ಗಿ ಮುಳ್ಳು ನೋಡುತ್ತಾಳೆ. ಪುಸ್ತಕದಲ್ಲೂ ಅಷ್ಟೇ ಬಿತ್ತಾ ಅಂತ ನೋಡಿ, ಆಮೇಲೆ ಪಕ್ಕಕ್ಕೆ ಸರಿಯುತ್ತಾಳೆ. ನಾನು ಕೂಡುವ ಲೆಕ್ಕ ಸುಲಭ ಮಾಡಿದ್ದೆ. ಅಲ್ಲಿ ಬೇಕಿದ್ದದ್ದು ಇಬ್ಬರ ಕಣ್ಣಿಗೂ ಒಂದೇ ತೂಕ ಕಾಣುವುದು.

ಪ್ರಾಡಕ್ಟ್ ಮ್ಯಾನೇಜರ್ ಕೆಲಸದ ಮುಕ್ಕಾಲು ಪಾಲು ಇದೇ. ಯಾರಿಗೆ ಮಾಡುತ್ತಿದ್ದೇವೆ, ಮೊದಲು ಯಾವುದು, ಯಾವುದು ಬೇಡ ಅಂತ ತೀರ್ಮಾನಿಸುವುದು. ಕೋಡ್, ಡಿಸೈನ್ ಮಾಡುವವರು ನಿನ್ನ ಕೈಕೆಳಗಿನವರಲ್ಲ, ಅವರನ್ನು ಒಪ್ಪಿಸಿಯೇ ನಡೆಸಬೇಕು. ಕಂಪ್ಯೂಟರ್ ಬರುವ ಮುಂಚಿನಿಂದಲೂ ಇದರ ಬೇರಿದೆ. 1931ರಲ್ಲಿ ಸೋಪು ಮಾಡುವ ಅಮೆರಿಕದ ಕಂಪನಿ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನ ನೀಲ್ ಮೆಕ್‌ಎಲ್ರಾಯ್ ಒಂದು ಟಿಪ್ಪಣಿ ಬರೆದರು. ಒಂದೊಂದು ಬ್ರ್ಯಾಂಡ್‌ಗೂ ಪೂರ್ತಿ ಹೊಣೆಯ ಒಬ್ಬರಿರಬೇಕು, ಸರಕು ಹೋಗದ ಕಡೆಗೆ ಅವರೇ ಹೋಗಿ ಅಂಗಡಿಯವರನ್ನೂ ಕೊಳ್ಳುವವರನ್ನೂ ಕಂಡು ಕಾರಣ ತಿಳಿಯಬೇಕು ಅಂತ.

ಟೊರೊಂಟೊದಲ್ಲಿ "ಇದು ನಿಮಗೆ ಬೇಕಾ?" ಅಂತ ಕೇಳಿದರೆ "ತುಂಬಾ ಚೆನ್ನಾಗಿದೆ" ಅನ್ನುತ್ತಾರೆ. ನಮ್ಮಲ್ಲಿ ನೆಂಟರು "ಕಾಫಿ ಬೇಡ" ಅನ್ನುತ್ತಾರಲ್ಲ, ಹಾಗೆ ಅದೂ ಮರ್ಯಾದೆಯ ಮಾತು. "ಕಳೆದ ಸಲ ಇದು ಬೇಕಾದಾಗ ಏನು ಮಾಡಿದಿರಿ?" ಅಂತ ಕೇಳು. ಕೇಳಿ ಸುಮ್ನೆ ಇರು. ಅವರು ಯೋಚಿಸುವಾಗ ನೀನು ಮಾತು ತುಂಬಬೇಡ.

ನನ್ನ ಮೊದಲ ಚಳಿಗಾಲದಲ್ಲಿ ಬಸ್ ಸಮಯ ತೋರಿಸುವ ಆ್ಯಪ್‌ನ ತಂಡದಲ್ಲಿದ್ದೆ. ಜನವರಿಯಲ್ಲಿ ಬಸ್ ಸ್ಟಾಪಿಗೆ ಹೋಗಿ ನಿಂತೆ. ಒಬ್ಬ ಅಜ್ಜಿ ಹಲ್ಲಿನಿಂದ ಗ್ಲೋವ್ಸ್ ಎಳೆದು, ಫೋನನ್ನು ಮೂರು ಸಲ ಒತ್ತಿ, ನಡುಗುತ್ತಾ ಮತ್ತೆ ಹಾಕಿಕೊಂಡರು. ಆ್ಯಪ್ ತೆರೆದ ಕೂಡಲೇ ಹತ್ತಿರದ ಸ್ಟಾಪಿನ ಬಸ್ ಕಾಣುವ ಹಾಗೆ ಮಾಡಿದೆವು. ಅಲ್ಲೇ ಬೆಳೆದವರಿಗೆ ಆ ಗ್ಲೋವ್ಸ್ ಕಣ್ಣಿಗೆ ಬಿದ್ದಿರಲಿಲ್ಲ. ನನಗೆ ಚಳಿ ಹೊಸದು, ಅದಕ್ಕೇ ಬಿತ್ತು.

ಮೊದಲ ಕೆಲಸವೇ ಪ್ರಾಡಕ್ಟ್ ಮ್ಯಾನೇಜರ್ ಆಗಲಿ ಅಂತ ಹಟ ಬೇಡ. ಗ್ರಾಹಕರ ಫೋನ್ ತೆಗೆಯುವ ಸಪೋರ್ಟ್ ಕೆಲಸ ಸಿಕ್ಕರೂ ಸೇರು. ಜನ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಅಂತ ದಿನವೂ ಕಿವಿಗೆ ಬೀಳುತ್ತದೆ. ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ 25 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಂಪನಿಗಳು 2026ರ ಜನವರಿಯಿಂದ ಜಾಹೀರಾತಿನಲ್ಲಿ ಕೆನಡಾದ ಅನುಭವ ಬೇಕು ಅಂತ ಹಾಕುವ ಹಾಗಿಲ್ಲ, ಧೈರ್ಯವಾಗಿ ಅರ್ಜಿ ಹಾಕು. ಡಿಸೆಂಬರ್‌ನಲ್ಲಿ ಐದಕ್ಕೆ ಮುಂಚೆಯೇ ಹೊತ್ತು ಮುಳುಗುತ್ತದೆ. ಆ ಸಂಜೆಗಳಲ್ಲಿ ಒಬ್ಬಳೇ ಕೂರಬೇಡ, ನಮ್ಮ ಮನೆಗೆ ಬಾ.

ಈ ವಾರ ಒಂದು ಕೆಲಸ ಮಾಡು. ನಿಮ್ಮೂರಿನ ಕಾಫಿ ವ್ಯಾಪಾರಿಯ ಅಂಗಡಿಯಲ್ಲಿ ಎರಡು ಸಂಜೆ ಕೂತುಕೋ. ಮೂಟೆ ತಂದವರು ಓಟಿ, ಅಂದರೆ ಒಣಗಿದ ಕಾಫಿಯಲ್ಲಿ ಎಷ್ಟು ಬೀಜ ಬರುತ್ತದೆ ಅಂತ, ನೋಡುವಾಗ ಏನು ಕೇಳುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಅಂತ ಬರೆದು ನನಗೆ ಕಳಿಸು.