ಆರ್‌ಎನ್‌ಎ ಕತ್ತರಿಸೋದನ್ನ ನೋಡ್ಕೊಂಡು ಕೂತ್ರೆ ಯಾರಿಗೆ ಉಪಯೋಗ? ಮೇಷ್ಟ್ರಿಗೆ ಒಂದು ಉತ್ತರ

ತಿಪಟೂರಿಂದ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರೊಬ್ರು ಬರೆದಿದಾರೆ. ಎಮ್ಮೆಸ್ಸಿ ಮುಗಿಸಿರೋ ಮಗಳು ಆರ್‌ಎನ್‌ಎ ಸ್ಪ್ಲೈಸಿಂಗ್ ಮೇಲೆ ಪಿಎಚ್‌ಡಿ ಮಾಡ್ತೀನಿ ಅಂತ ಹಟ ಹಿಡಿದಿದಾಳಂತೆ. "ಎಸ್‌ಎಂಎ ಅಂತ ಸ್ನಾಯು ಸೋಲೋ ಕಾಯಿಲೆ ಇರೋ ಮಕ್ಕಳಿಗೆ 16 ಕೋಟಿ ಇಂಜೆಕ್ಷನ್ ಕಂಡುಹಿಡಿದ್ರಲ್ಲ, ಹಂಗೆ ಯಾವ್ದಾದ್ರೂ ಕಾಯಿಲೆ ಹಿಡ್ಕೊಂಡು ಕೆಲಸ ಮಾಡು ಅಂದ್ರೆ ಕೇಳಲ್ಲ, ಜೀವಕೋಶ ಆರ್‌ಎನ್‌ಎನ ಹೆಂಗೆ ಕತ್ತರಿಸತ್ತೆ ಅಂತ ಐದಾರು ವರ್ಷ ನೋಡ್ಕೊಂಡು ಕೂತ್ರೆ ಯಾರಿಗೆ ಉಪಯೋಗ, ನೀವೇ ಹೇಳಿ" ಅಂತ ಕೇಳಿದಾರೆ.

ಮೇಷ್ಟ್ರೇ, ನಿಮ್ಮ ಚಿಂತೆ ನಂಗೆ ಅರ್ಥ ಆಗತ್ತೆ, ಆದ್ರೆ ನೀವು ಉದಾಹರಣೆ ಕೊಟ್ಟಿರೋ ಕಾಯಿಲೆನೇ ನಿಮ್ಮ ಮಗಳ ಪರ ಸಾಕ್ಷಿ ಹೇಳತ್ತೆ. ಎಸ್‌ಎಂಎಗೆ ಬಂದ ಮೊಟ್ಟಮೊದಲ ಔಷಧಿ 16 ಕೋಟಿದಲ್ಲ, ಅದಕ್ಕಿಂತ ಮುಂಚೆ ಬಂದಿದ್ದು ನುಸಿನರ್ಸೆನ್, ಸ್ಪಿನ್‌ರಾಝಾ ಅಂತ ಮಾರ್ತಾರೆ. ಅದರ ಹಿಂದೆ ಇರೋ ಮನುಷ್ಯ ಅಡ್ರಿಯನ್ ಕ್ರೈನರ್. ಅವರು ಹದಿನೈದು ವರ್ಷ ಮಾಡಿದ್ದು ನಿಮ್ಮ ಮಗಳು ಮಾಡ್ತೀನಿ ಅಂತಿರೋ ಕೆಲಸನೇ.

ಕ್ರೈನರ್ ಹುಟ್ಟಿದ್ದು 1958ರಲ್ಲಿ, ಉರುಗ್ವೆಯ ಮಾಂಟೆವಿಡಿಯೊದಲ್ಲಿ. ಓದೋಕೆ ಅಂತ ಅಮೆರಿಕಕ್ಕೆ ಹೋಗಿ ಕೊಲಂಬಿಯಾದಲ್ಲಿ ಡಿಗ್ರಿ ಮಾಡಿ, ಹಾರ್ವರ್ಡಲ್ಲಿ ಟಾಮ್ ಮ್ಯಾನಿಯಾಟಿಸ್ ಹತ್ರ ಪಿಎಚ್‌ಡಿಗೆ ಸೇರಿದ್ರು. ಅದಕ್ಕೆ ಕೆಲವೇ ವರ್ಷ ಮುಂಚೆ, 1977ರಲ್ಲಿ, ಜೀನಿಂದ ನಕಲಾಗೋ ಆರ್‌ಎನ್‌ಎ ಇದ್ದ ಹಂಗೇ ಪ್ರೋಟೀನ್ ಆಗಲ್ಲ, ಜೀವಕೋಶ ಮಧ್ಯದ ತುಂಡುಗಳನ್ನ ಕತ್ತರಿಸಿ ಎಸೆದು ಉಳಿದಿದ್ದನ್ನ ಜೋಡಿಸತ್ತೆ ಅನ್ನೋದು ಗೊತ್ತಾಗಿತ್ತು.

ನಿಮಗೆ ಇದನ್ನ ಉಕ್ತಲೇಖನದ ಲೆಕ್ಕದಲ್ಲಿ ಹೇಳ್ತೀನಿ. ನೀವು ಪಾಠ ಹೇಳ್ತಾ ಹೋಗ್ತೀರ, ಮಧ್ಯೆ ಮಧ್ಯೆ "ಏಯ್ ಹಿಂದಿನ ಬೆಂಚು, ಸುಮ್ನಿರ್ರೋ" ಅಂತೀರ, ಪಾಪ ಒಬ್ಬ ಹುಡುಗ ಅದನ್ನೂ ಸೇರಿಸಿ ಎಲ್ಲಾ ರಫ್ ನೋಟ್ಸಲ್ಲಿ ಬರ್ಕೋತಾನೆ. ಮನೆಗೆ ಹೋಗಿ ಫೇರ್ ಮಾಡೋವಾಗ ಬೈಗುಳ ಬಿಟ್ಟು ಪಾಠ ಮಾತ್ರ ಇಳಿಸ್ತಾನೆ. ಆ ಬೈಗುಳದ ತುಂಡುಗಳೇ ಇಂಟ್ರಾನ್, ಪಾಠದ ಪ್ಯಾರಾಗಳು ಎಕ್ಸಾನ್, ಫೇರ್ ಮಾಡೋ ಕೆಲಸ ಸ್ಪ್ಲೈಸಿಂಗ್. ಯಾವುದು ಪಾಠ ಯಾವುದು ಬೈಗುಳ ಅಂತ ಜೀವಕೋಶಕ್ಕೆ ಹೆಂಗೆ ಗೊತ್ತಾಗತ್ತೆ? ಇದೊಂದೇ ಪ್ರಶ್ನೆ ಕ್ರೈನರ್‌ದು.

1984ರಲ್ಲಿ, ಇನ್ನೂ ಸ್ಟೂಡೆಂಟ್ ಆಗಿದ್ದಾಗಲೇ, ಜೀವಕೋಶ ಒಡೆದು ತೆಗೆದ ರಸದಲ್ಲಿ, ಟೆಸ್ಟ್ ಟ್ಯೂಬೊಳಗೆ, ಮನುಷ್ಯರ ಗ್ಲೋಬಿನ್ (ರಕ್ತದ ಒಂದು ಪ್ರೋಟೀನ್) ಆರ್‌ಎನ್‌ಎ ಸರಿಯಾಗಿ ಕತ್ತರಿಸಿ ಜೋಡಣೆ ಆಗೋ ಹಂಗೆ ಮಾಡಿ ತೋರಿಸಿದ್ರು. 1986ರಲ್ಲಿ ನ್ಯೂಯಾರ್ಕ್ ಹತ್ರದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಲ್ಯಾಬಿಗೆ ಹೋದ್ರು, ಅಲ್ಲಿ ಆ ರಸವನ್ನ ಸೋಸಿ ಸೋಸಿ 1990ರ ಹೊತ್ತಿಗೆ ಎಸ್‌ಎಫ್2 ಅನ್ನೋ ಒಂದು ಪ್ರೋಟೀನನ್ನ ಬೇರೆ ಮಾಡಿದ್ರು. ಎಕ್ಸಾನ್ ಮೇಲೆ ಕೂತು "ಇದು ಪಾಠ, ಬಿಡಬೇಡ" ಅಂತ ಗುರುತು ಹಾಕೋದು ಅದರ ಕೆಲಸ. ಆಗ ಯಾರಾದ್ರೂ ಇದು ಯಾವ ಕಾಯಿಲೆಗೆ ಅಂತ ಕೇಳಿದ್ರೆ ಕೊಡೋಕೆ ಉತ್ತರ ಇರ್ಲಿಲ್ಲ.

ಈ ಕಡೆ 1995ರಲ್ಲಿ ಪ್ಯಾರಿಸ್‌ನಲ್ಲಿ ಜುಡಿತ್ ಮೆಲ್ಕಿ ತಂಡ ಎಸ್‌ಎಂಎಗೆ ಕಾರಣವಾದ ಜೀನ್ ಹಿಡಿದ್ರು, ಎಸ್‌ಎಂಎನ್1. ಇದು ಇಲ್ದೇ ಹುಟ್ಟಿದ ಮಕ್ಕಳಿಗೆ ಬೆನ್ನುಹುರಿಯಲ್ಲಿ ಸ್ನಾಯು ಆಡಿಸೋ ನರಕೋಶಗಳು ಸಾಯ್ತಾ ಹೋಗ್ತವೆ, ತೀವ್ರ ರೂಪದಲ್ಲಿ ಬಂದ್ರೆ ಕೂಸು ಕೂರೋದೇ ಇಲ್ಲ, ಔಷಧಿ ಇಲ್ದಿದ್ದ ಕಾಲದಲ್ಲಿ ಎರಡು ವರ್ಷ ದಾಟೋದೇ ಕಷ್ಟ ಇತ್ತು. ಆಶ್ಚರ್ಯ ಏನಂದ್ರೆ ಇದೇ ಜೀನಿನ ಜೊತೆಗಾರ ಎಸ್‌ಎಂಎನ್2 ಆ ಮಕ್ಕಳಲ್ಲೂ ಇದ್ದೇ ಇರತ್ತೆ. ಹೆಚ್ಚುಕಮ್ಮಿ ಅದೇ ಪಾಠ, ಆದ್ರೆ ಏಳನೇ ಪ್ಯಾರಾದಲ್ಲಿ ಒಂದೇ ಒಂದು ಅಕ್ಷರ ಬೇರೆ, ಸಿ ಇರಬೇಕಾದ ಕಡೆ ಟಿ. ಅಷ್ಟಕ್ಕೇ ಫೇರ್ ಮಾಡೋವಾಗ ಏಳನೇ ಎಕ್ಸಾನ್ ಹೆಚ್ಚಿನ ಸಲ ಬಿಟ್ಟುಹೋಗತ್ತೆ, ಪ್ರೋಟೀನ್ ಅರ್ಧಂಬರ್ಧ ಆಗಿ ಹಾಳಾಗತ್ತೆ.

1999ರಲ್ಲಿ ಅಮೆರಿಕದಲ್ಲಿ ಎಸ್‌ಎಂಎ ಬಗ್ಗೆ ನಡೆದ ಒಂದು ಸಭೆಗೆ ಕ್ರೈನರ್ ಹೋಗಿ ಕೂತ್ರು. ಅಲ್ಲಿದ್ದ ಸಮಸ್ಯೆ ಪೂರಾ ಅವರದೇ ಸಬ್ಜೆಕ್ಟು. ಲೂಕಾ ಕಾರ್ಟೆನ್ಯಿ ಜೊತೆ ಸೇರಿ 2002ರಲ್ಲಿ ಅವರು ತೋರಿಸಿದ್ದು ಏನು ಗೊತ್ತಾ, ಆ ಒಂದು ಅಕ್ಷರ ಬದಲಾಗಿದ್ರಿಂದ ಎಸ್‌ಎಫ್2ಗೆ ಅಲ್ಲಿ ಕೂರೋಕೆ ಜಾಗ ತಪ್ಪಿಹೋಗಿದೆ ಅಂತ. ಹನ್ನೆರಡು ವರ್ಷ ಹಿಂದೆ ತಾವೇ ಸೋಸಿ ತೆಗೆದಿದ್ದ ಅದೇ ಪ್ರೋಟೀನು! (ಬೇರೆ ಲ್ಯಾಬಿನೋರು ಬೇರೆ ವಿವರಣೆನೂ ಕೊಟ್ರು, ಆ ವಾದ ಇಲ್ಲಿ ಬೇಡ.) ನಂಗೆ ಈ ಕಥೆಯಲ್ಲಿ ಪ್ರತಿಸಲ ಮೈ ಜುಮ್ ಅನ್ನೋ ಜಾಗ ಇದು.

2004ರಿಂದ ಕ್ಯಾಲಿಫೋರ್ನಿಯಾದ ಐಸಿಸ್ ಅನ್ನೋ ಔಷಧಿ ಕಂಪನಿಯ ಫ್ರಾಂಕ್ ಬೆನೆಟ್ ಜೊತೆ ಕೆಲಸ ಶುರುವಾಯ್ತು. ಏಳನೇ ಎಕ್ಸಾನಿನ ಪಕ್ಕದ ಇಂಟ್ರಾನಲ್ಲಿ "ಇದನ್ನ ಬಿಡು" ಅಂತ ಹೇಳೋ ಒಂದು ಸಣ್ಣ ಬರಹ ಇದೆ ಅಂತ 2006ರಲ್ಲಿ ಮಸಾಚುಸೆಟ್ಸ್‌ನಲ್ಲಿ ರವೀಂದ್ರ ಸಿಂಗ್ ಮತ್ತವರ ಜೊತೆಗಾರರು ತೋರಿಸಿದ್ರು. ಕ್ರೈನರ್ ಲ್ಯಾಬಲ್ಲಿ ಯಿಮಿನ್ ಹುವಾ ಅನ್ನೋರು ಕೃತಕ ಆರ್‌ಎನ್‌ಎ ಚೂರುಗಳನ್ನ ಒಂದೊಂದೇ ಜಾಗ ಸರಿಸ್ತಾ ಅಂಟಿಸಿ ಅಂಟಿಸಿ ನೋಡಿ, ಯಾವುದು ಚೆನ್ನಾಗಿ ಕೆಲಸ ಮಾಡತ್ತೆ ಅಂತ ಹುಡುಕಿದ್ರು. ನುಸಿನರ್ಸೆನ್ ಅಂದ್ರೆ ಇಷ್ಟೇ ಮೇಷ್ಟ್ರೇ, 18 ಅಕ್ಷರದ ಒಂದು ಚೀಟಿ. "ಬಿಡು" ಅನ್ನೋ ಬರಹದ ಮೇಲೆ ಹೋಗಿ ಅಂಟ್ಕೊಂಡು ಅದನ್ನ ಮುಚ್ಚತ್ತೆ, ಜೀವಕೋಶ ಏಳನೇ ಪ್ಯಾರಾ ಸೇರಿಸಿ ಫೇರ್ ಮಾಡತ್ತೆ. ರಕ್ತದಿಂದ ಬೆನ್ನುಹುರಿಗೆ ದಾಟಲ್ಲ ಅಂತ ಸೊಂಟದ ಹತ್ರ ಬೆನ್ನುಹುರಿಯ ದ್ರವಕ್ಕೇ ಇಂಜೆಕ್ಷನ್ ಕೊಡ್ತಾರೆ, ಶುರುವಿನ ಡೋಸ್‌ಗಳಾದ ಮೇಲೆ ನಾಲ್ಕು ತಿಂಗಳಿಗೊಂದು ಸಲ.

ಕೂಸುಗಳ ಟ್ರಯಲ್ಲಿನಲ್ಲಿ ಔಷಧಿ ಸಿಕ್ಕ ಗುಂಪಲ್ಲಿ ಶೇ 51ರಷ್ಟು ಮಕ್ಕಳು ತಲೆ ನಿಲ್ಲಿಸೋದು, ಹೊರಳೋದು, ಕೂರೋದು ಇಂಥದ್ರಲ್ಲಿ ಮುಂದೆ ಬಂದ್ರು, ಸಿಗದ ಗುಂಪಲ್ಲಿ ಒಂದು ಕೂಸೂ ಇಲ್ಲ. ಔಷಧಿ ಸಿಕ್ಕೂ ತೀರಿಕೊಂಡ ಮಕ್ಕಳಿದಾರೆ, ಅದನ್ನ ಮುಚ್ಚಿಡಲ್ಲ. ಆದ್ರೆ ಲಕ್ಷಣ ಕಾಣೋಕ್ ಮುಂಚೆನೇ ಶುರುಮಾಡಿದ ಇನ್ನೊಂದು ಟ್ರಯಲ್ಲಲ್ಲಿ 25 ಮಕ್ಕಳಲ್ಲಿ 22 ಮಕ್ಕಳು ಸ್ವಂತ ಕಾಲ ಮೇಲೆ ನಡೆದ್ರು! ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2016ರ ಡಿಸೆಂಬರ್ 23ಕ್ಕೆ. ಟೆಸ್ಟ್ ಟ್ಯೂಬಿನ ಆ ಪ್ರಯೋಗದಿಂದ 32 ವರ್ಷ.

ನೀವು ಹೇಳಿದ 16 ಕೋಟಿದು ಝೋಲ್‌ಜೆನ್‌ಸ್ಮಾ, 2019ರದ್ದು, ವೈರಸ್ ಮೂಲಕ ಜೀನನ್ನೇ ಒಳಗೆ ಕಳಿಸೋ ಬೇರೆ ದಾರಿ. ಕ್ರೈನರ್ ದಾರಿಯ ಔಷಧಿನೂ ಅಗ್ಗ ಅಲ್ಲ, ಅಮೆರಿಕದಲ್ಲಿ ಮೊದಲ ವರ್ಷಕ್ಕೇ ಏಳೂವರೆ ಲಕ್ಷ ಡಾಲರ್ ಇಟ್ರು. ನಮ್ಮ ಊರುಗಳಲ್ಲಿ ಅಪ್ಪ ಅಮ್ಮ ಮಗುವಿನ ಫೋಟೋ ಹಾಕಿ ದುಡ್ಡು ಕೇಳೋದನ್ನ ನೋಡಿದಾಗಲೆಲ್ಲ ನಂಗೆ ಸಿಟ್ಟೂ ಬರತ್ತೆ, ಅಳೂ ಬರತ್ತೆ. ಒಂದು ಸಮಾಧಾನ, ಇದೇ ಎಸ್‌ಎಂಎನ್2 ಸ್ಪ್ಲೈಸಿಂಗನ್ನೇ ಸರಿಮಾಡೋ ರಿಸ್ಡಿಪ್ಲಾಮ್ ಅನ್ನೋ ಕುಡಿಯೋ ಔಷಧಿ ಬಂತು, ಅದನ್ನ ಹೈದರಾಬಾದಿನ ನ್ಯಾಟ್ಕೊ ಕಂಪನಿ ಮಾಡೋದಕ್ಕೆ ತಡೆ ಕೊಡಲ್ಲ ಅಂತ 2025ರಲ್ಲಿ ದಿಲ್ಲಿ ಹೈಕೋರ್ಟ್ ಹೇಳ್ತು, ಬಾಟಲಿಗೆ 15,900 ರೂಪಾಯಿ ಅಂತ ಬೆಲೆ ಇಟ್ರು. ಬಡವರಿಗೆ ಅದೂ ಭಾರನೇ.

ಈಗ ನಿಮ್ಮ ಮಗಳ ವಿಷಯ. ಯಾವ ಕಾಯಿಲೆ ಅಂತ ಅವಳನ್ನ ಈಗ್ಲೇ ಕೇಳಬೇಡಿ, ಯಾವ ಪ್ರಶ್ನೆ ಅಂತ ಕೇಳಿ. ಗೈಡ್ ಯಾರು, ಫೆಲೋಶಿಪ್ ತಿಂಗಳು ತಿಂಗಳು ಸರಿಯಾಗಿ ಬರತ್ತಾ ಅಂತ ವಿಚಾರಿಸಿ, ತಂದೆಯಾಗಿ ಅದು ನಿಮ್ಮ ಹಕ್ಕು. ಆ ಪ್ರಶ್ನೆನ ಅವಳೇ ಕನ್ನಡದಲ್ಲಿ ಬರೆದು ಕಳಿಸ್ಲಿ, ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಅವಳಿಗೆ ಅಂತ ಬಿಟ್ಟಿಟ್ಟಿರ್ತೀನಿ.

– ಸಂಪಾದಕ