ಅಪ್ರೆಂಟಿಸ್ ಸೀಟಿಗೆ 15 ಸಾವಿರ ಕೊಡಬೇಕಾ?

ಈ ಸಲವೂ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲೆ: ಅಪ್ರೆಂಟಿಸ್, ಅಂದರೆ ಶಿಷ್ಯವೇತನ ಪಡೆದು ಕೆಲಸ ಕಲಿಯುವ ತರಬೇತಿ. ಆದ್ದರಿಂದ ಜಾಗವನ್ನೂ ಅದಕ್ಕೇ ಕೊಡುತ್ತಿದ್ದೇನೆ. ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿ ಮಾಡುವುದು ಹೇಗೆ ಎಂದು ಕೇಳಿದವರು ಕ್ಷಮಿಸಬೇಕು. ರೀಲ್ಸ್ ಎಡಿಟ್ ಮಾಡಲು ಬರುವವರಿಗೆ ಅದೂ ಬರುತ್ತದೆ.

ಐಟಿಐ ಫಿಟ್ಟರ್ ಮುಗಿಸಿ ವರ್ಷವಾಯಿತು. ಪೋರ್ಟಲ್‌ನಲ್ಲಿ ಮೂವತ್ತು ಕಂಪನಿಗಳಿಗೆ ಅರ್ಜಿ ಹಾಕಿದ್ದೇನೆ, ಒಂದೂ ಕರೆ ಬಂದಿಲ್ಲ. ಪರಿಚಯದವರೊಬ್ಬರು 15 ಸಾವಿರ ಕೊಟ್ಟರೆ ರೈಲ್ವೆಯಲ್ಲಿ ಅಪ್ರೆಂಟಿಸ್ ಮಾಡಿಸುತ್ತೇನೆ ಅನ್ನುತ್ತಾರೆ. ಕೊಡಬಹುದೇ?

ಕೊಡಬೇಡಿ. ರೈಲ್ವೆ ಅಪ್ರೆಂಟಿಸ್ ಆಯ್ಕೆಗೆ ಲಿಖಿತ ಪರೀಕ್ಷೆಯೂ ಇಲ್ಲ, ಸಂದರ್ಶನವೂ ಇಲ್ಲ. ಹತ್ತನೇ ತರಗತಿಯ ಮತ್ತು ಐಟಿಐಯ ಶೇಕಡಾವಾರು ಅಂಕಗಳ ಸರಾಸರಿ ತೆಗೆದು ಮೆರಿಟ್ ಪಟ್ಟಿ ಮಾಡುತ್ತಾರೆ. ನಿಮ್ಮ ಅಂಕ ಎಂದೋ ಅಚ್ಚಾಗಿಹೋಗಿದೆ, ಅದನ್ನು ತಿದ್ದುವ ಶಕ್ತಿ ಆ ಮಹಾಶಯನಿಗಿಲ್ಲ. ಅವನ ದಂಧೆ ಹೀಗೆ ನಡೆಯುತ್ತದೆ: ಇಪ್ಪತ್ತು ಹುಡುಗರಿಂದ ಹಣ ಹಿಡಿಯುತ್ತಾನೆ. ಅವರಲ್ಲಿ ನಾಲ್ವರ ಹೆಸರು ಸ್ವಂತ ಅಂಕದಿಂದಲೇ ಪಟ್ಟಿಗೆ ಬರುತ್ತದೆ. ‘ನಾನೇ ಮಾಡಿಸಿದ್ದು’ ಎಂದು ಊರೆಲ್ಲ ಹೇಳಿಕೊಂಡು ಬರುತ್ತಾನೆ, ಉಳಿದವರಿಗೆ ‘ಮುಂದಿನ ಲಿಸ್ಟಲ್ಲಿ ಗ್ಯಾರಂಟಿ’. ರೈಲ್ವೆಗೆ ಕಟ್ಟಬೇಕಾದದ್ದು 100 ರೂಪಾಯಿ ಅರ್ಜಿ ಶುಲ್ಕ ಮಾತ್ರ, ಅದೂ ಅವರ ಜಾಲತಾಣದಲ್ಲೇ. ಪರಿಶಿಷ್ಟರಿಗೆ, ಮಹಿಳೆಯರಿಗೆ, ಅಂಗವಿಕಲರಿಗೆ ಅದೂ ಇಲ್ಲ. ನಮ್ಮ ಕಡೆಯವರು ನೋಡಬೇಕಾದದ್ದು ಹುಬ್ಬಳ್ಳಿಯಲ್ಲಿರುವ ನೈರುತ್ಯ ರೈಲ್ವೆ ನೇಮಕಾತಿ ಕೋಶದ ಅಧಿಸೂಚನೆ.

ಇನ್ನು ಕರೆ ಏಕೆ ಬರುತ್ತಿಲ್ಲ ಎಂಬುದು. ನೀವು ಬರೆದಿಲ್ಲ, ಆದರೂ ಊಹಿಸಬಲ್ಲೆ: ಪ್ರೊಫೈಲ್ ಮಾಡಿಕೊಟ್ಟವರು ಸೈಬರ್ ಸೆಂಟರ್‌ನವರು, ಹಾಕಿದ ಇಮೇಲ್ ಕೂಡ ಅವರದೇ. ಕಂಪನಿಯಿಂದ ಬಂದ ಪತ್ರ ಅವರ ಇನ್‌ಬಾಕ್ಸ್‌ನಲ್ಲಿ ಕೊಳೆಯುತ್ತಿರಬಹುದು. ಮೊದಲು ಇಮೇಲ್, ಮೊಬೈಲ್ ಎರಡನ್ನೂ ನಿಮ್ಮ ಹೆಸರಿಗೆ ಮಾಡಿಕೊಳ್ಳಿ. ಆಮೇಲೆ ಹೆಸರು ನೋಡಿ. ಅಂಕಪಟ್ಟಿಯಲ್ಲಿ ‘ಮಂಜುನಾಥ ಬಿ’, ಆಧಾರ್‌ನಲ್ಲಿ ‘ಮಂಜುನಾಥ ಬಸಪ್ಪ’ ಎಂದಿರುವವರು ನಮ್ಮ ರಾಜ್ಯದಲ್ಲಿ ಲೆಕ್ಕವಿಲ್ಲದಷ್ಟು. ಇನಿಷಿಯಲ್ ಬಿಚ್ಚಿ ಬರೆದದ್ದಷ್ಟೇ, ಒಬ್ಬನೇ ಮನುಷ್ಯ ಎಂದು ನಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಆಯ್ಕೆಯಾದ ಮೇಲೆ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುವ ಬದಲು ಈಗಲೇ ಆಧಾರ್ ತಿದ್ದಿಸಿ. ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ (ಜೋಡಣೆ) ಆಗಿದೆಯೇ ಎಂದೂ ವಿಚಾರಿಸಿ. ಕೇಂದ್ರದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ (ಎನ್‌ಎಪಿಎಸ್) ಶಿಷ್ಯವೇತನದ ಶೇ 25, ತಿಂಗಳಿಗೆ ಗರಿಷ್ಠ 1,500 ರೂಪಾಯಿ, ನೇರ ನಿಮ್ಮ ಖಾತೆಗೇ ಬರುವಂಥದ್ದು. ಸೀಡಿಂಗ್ ಆಗದಿದ್ದರೆ ಅದು ಬರುವುದಿಲ್ಲ.

ಇದಕ್ಕಿಂತ ದೊಡ್ಡ ತಪ್ಪು, ಎಲ್ಲರೂ ನಾಲ್ಕು ದೊಡ್ಡ ಹೆಸರುಗಳಿಗೇ ಮುಗಿಬೀಳುವುದು. ಸಾರ್ವಜನಿಕ ಉದ್ದಿಮೆಗಳಿಗೆ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಅವರ ಅಧಿಸೂಚನೆಯನ್ನು ಕೊನೆಯವರೆಗೆ ಓದಿ. ಎಷ್ಟೋ ಕಡೆ ಪೋರ್ಟಲ್‌ನ ನೋಂದಣಿ ಸಂಖ್ಯೆಯ ಜೊತೆಗೆ ಬೇರೆ ಅರ್ಜಿಯನ್ನೂ ಹಾಕಬೇಕಿರುತ್ತದೆ. ಪೋರ್ಟಲ್‌ನಲ್ಲಿ ಒತ್ತಿದೆ, ಮುಗಿಯಿತು ಎಂದುಕೊಂಡವರು ವರ್ಷಗಟ್ಟಲೆ ಕಾಯುತ್ತಾರೆ. ಅತ್ತ 30 ಅಥವಾ ಹೆಚ್ಚು ಜನ ಕೆಲಸ ಮಾಡುವ ಯಾವುದೇ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು ಎಂದು ಕಾನೂನಿದೆ. 200 ಜನರಿರುವ ಕಾರ್ಖಾನೆಗೆ ಕನಿಷ್ಠ ಐವರು. ಪೀಣ್ಯ, ಬೊಮ್ಮಸಂದ್ರ, ಹೂಟಗಳ್ಳಿಯ ಕೈಗಾರಿಕಾ ಪ್ರದೇಶಗಳು, ಬೆಳಗಾವಿಯ ಫೌಂಡ್ರಿಗಳು ಇವೆಲ್ಲ ಇರುವುದು ಏತಕ್ಕೆ? ಅಂಕಪಟ್ಟಿಯ ಜೆರಾಕ್ಸ್ ಹಿಡಿದು ಹೋಗಿ, ಎಚ್‌ಆರ್ ವಿಭಾಗದಲ್ಲಿ ‘ಈ ವರ್ಷ ಕಾಯ್ದೆ ಪ್ರಕಾರ ಅಪ್ರೆಂಟಿಸ್ ತಗೊಳ್ತಿದ್ದೀರಾ ಸರ್’ ಎಂದು ಕೇಳಿ. ‘ಕಾಯ್ದೆ ಪ್ರಕಾರ’ ಎಂಬ ಮಾತು ಬಿಡಬೇಡಿ. ಟ್ರೈನಿ, ಲರ್ನರ್, ಹೆಲ್ಪರ್ ಎಂದೆಲ್ಲ ಹೆಸರಿಟ್ಟು ಕಡಿಮೆ ಕೂಲಿಗೆ ದುಡಿಸಿಕೊಳ್ಳುವವರು ಬೇಕಾದಷ್ಟಿದ್ದಾರೆ.

ಸೇರಿದ ಮೇಲೆ ನನಗೆ ಮುಖ್ಯವಾಗಿ ಕಾಣುವುದು ಒಂದೇ: 1961ರ ಅಪ್ರೆಂಟಿಸ್ ಕಾಯ್ದೆಯಡಿ ನಿಮ್ಮ ಒಪ್ಪಂದ ಪೋರ್ಟಲ್‌ನಲ್ಲಿ ನೋಂದಣಿಯಾಗಿದೆಯೇ? ‘ಆಮೇಲೆ ಮಾಡ್ತೀವಿ’ ಎಂಬ ಮಾತಿಗೆ ತಲೆಯಾಡಿಸಬೇಡಿ. ನೋಂದಣಿ ಇಲ್ಲದಿದ್ದರೆ ನೀವು ಕಾಗದದ ಮೇಲೆ ಅಪ್ರೆಂಟಿಸ್ ಅಲ್ಲ. ವರ್ಷವಿಡೀ ಮೈಮುರಿದು ದುಡಿದರೂ ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲ, ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರವೂ ಸಿಗುವುದಿಲ್ಲ. ಕಂಪನಿಯ ಲೆಟರ್‌ಹೆಡ್‌ನಲ್ಲಿ ಕೊಡುವ ‘ಅನುಭವ ಪತ್ರ’ ಅದಕ್ಕೆ ಸಮವಲ್ಲ. ಇಷ್ಟು ಕಟ್ಟುನಿಟ್ಟು ಏಕೆಂದರೆ, ವರ್ಷ ಮುಗಿದ ಮೇಲೆ ಕಣ್ಣೀರು ಹಾಕಿಕೊಂಡು ಬರುವವರಿಗೆ ಹೇಳಲು ನನ್ನ ಬಳಿ ಏನೂ ಇರುವುದಿಲ್ಲ.

ಬಿಕಾಂ ಮಾಡಿದವರಿಗೂ ಅಪ್ರೆಂಟಿಸ್ ಇದೆಯೇ?

ಇದೆ. ಡಿಪ್ಲೊಮಾ ಮತ್ತು ಪದವಿಯವರಿಗೆ ಶಿಕ್ಷಣ ಸಚಿವಾಲಯದ ಎನ್‌ಎಟಿಎಸ್ ಎಂಬ ಬೇರೆ ಪೋರ್ಟಲ್ ಇದೆ. ಎಂಜಿನಿಯರುಗಳ ಸ್ವತ್ತಲ್ಲ ಅದು. ಓದು ಮುಗಿಸಿ ತಡಮಾಡಬೇಡಿ, ಹಳೆಯ ಬ್ಯಾಚಿನವರನ್ನು ತೆಗೆದುಕೊಳ್ಳುವುದಿಲ್ಲ.

ಶಿಷ್ಯವೇತನ ಎಷ್ಟು ಕೊಡಬೇಕು? ನಮ್ಮಲ್ಲಿ ಯಾವಾಗ ಬೇಕೋ ಆಗ ಹಾಕುತ್ತಾರೆ.

2019ರ ನಿಯಮದ ಕನಿಷ್ಠ ಮೊತ್ತ ಶಾಲೆ ಬಿಟ್ಟವರಿಗೆ 5,000ದಿಂದ ಶುರುವಾಗಿ ಪದವೀಧರರಿಗೆ 9,000ದವರೆಗೆ, ಐಟಿಐಯವರಿಗೆ 7,000. ಇದನ್ನು ಶೇ 36 ಏರಿಸಲು 2025ರಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಶಿಫಾರಸು ಮಾಡಿದೆ. ಆದ್ದರಿಂದ ಸಹಿ ಹಾಕುವ ದಿನ ಪೋರ್ಟಲ್‌ನಲ್ಲಿರುವ ಮೊತ್ತ ನೋಡಿ. ಮುಂದಿನ ತಿಂಗಳ 10ರೊಳಗೆ ಹಣ ಹಾಕಬೇಕು. ಸಾಂದರ್ಭಿಕ ರಜೆಗೆ, ವೈದ್ಯಕೀಯ ರಜೆಗೆ ಮುರಿದುಕೊಳ್ಳುವಂತಿಲ್ಲ.

ಪಿಎಫ್ ಏಕೆ ಕಟ್ಟುವುದಿಲ್ಲ?

ಕಾಯ್ದೆ ನಿಮ್ಮನ್ನು ಕಾರ್ಮಿಕ ಅನ್ನುವುದಿಲ್ಲ, ತರಬೇತಿಯಲ್ಲಿರುವವರು ಅನ್ನುತ್ತದೆ.

ಮುಗಿದ ಮೇಲೆ ಅದೇ ಕಂಪನಿ ಕಾಯಂ ಮಾಡಲೇಬೇಕಲ್ಲವೇ?

ಇಲ್ಲ. ಯಾರೇ ಹಾಗೆಂದರೂ ನಂಬಬೇಡಿ, ಕಾಲೇಜಿನ ಪ್ಲೇಸ್‌ಮೆಂಟ್ ಮೇಷ್ಟ್ರು ಹೇಳಿದರೂ ಅಷ್ಟೆ. ರೈಲ್ವೆಯಲ್ಲಿ ತರಬೇತಿ ಮುಗಿಸಿದವರಿಗೆ ಲೆವೆಲ್ 1 (ಅತ್ಯಂತ ಕೆಳಹಂತದ) ಹುದ್ದೆಗಳಲ್ಲಿ ಶೇ 20 ಮೀಸಲಿದೆ. ಅದಕ್ಕೂ ಪರೀಕ್ಷೆ ಬರೆಯಬೇಕು.

ಯುವನಿಧಿ ತಿಂಗಳಿಗೆ 3,000 ಬರುತ್ತಿದೆ. ಅಪ್ರೆಂಟಿಸ್ ಸೇರಿದರೆ ನಿಲ್ಲುತ್ತದಂತೆ, ಹೌದೇ?

ಹೌದು, ಎರಡೂ ಒಟ್ಟಿಗೆ ಸಿಗುವುದಿಲ್ಲ. ಮೂರು ಸಾವಿರಕ್ಕಾಗಿ ಒಂಬತ್ತು ಸಾವಿರವನ್ನೂ ಒಂದು ವರ್ಷದ ಕೆಲಸವನ್ನೂ ಬಿಡುವ ಲೆಕ್ಕ ನನಗಂತೂ ಅರ್ಥವಾಗಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಬಂದ ‘ನೇರ ನೇಮಕಾತಿ’ ಪಟ್ಟಿ ಕಳಿಸಿದ್ದೇನೆ, ನಿಜವೇ ನೋಡಿ ಹೇಳಿ.

ನೋಡಲಿಲ್ಲ. ಕಂಪನಿಯ ಜಾಲತಾಣದಲ್ಲಿ ಆ ಅಧಿಸೂಚನೆ ಇದೆಯೇ ಎಂದು ನೀವೇ ನೋಡಿ, ಇಲ್ಲದಿದ್ದರೆ ಅಳಿಸಿ. ಇನ್ನೊಂದು ಗುಂಪಿಗೆ ಕಳಿಸಬೇಡಿ.