ಪಿಇಆರ್ ಒಂದು ಹೇಳುತ್ತೆ, ಪ್ಲಸ್-ಮೈನಸ್ ಇನ್ನೊಂದು ಹೇಳುತ್ತೆ. ಯಾವುದನ್ನು ನಂಬಬೇಕು?

ನಿಮ್ಮ ಪ್ರಶ್ನೆ ಇದು: ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಒಬ್ಬ ಆಟಗಾರನ ಪಿಇಆರ್ (ಅವನ ಆಟವನ್ನೆಲ್ಲಾ ಒಂದೇ ಅಂಕಿಯಲ್ಲಿ ಹೇಳುವ ಲೆಕ್ಕ) ತುಂಬಾ ಚೆನ್ನಾಗಿದೆ, ಆದರೆ ಪ್ಲಸ್-ಮೈನಸ್ ನೆಲಕಚ್ಚಿದೆ. ಇನ್ನೊಬ್ಬನದು ಇದಕ್ಕೆ ಉಲ್ಟಾ. ಇಬ್ಬರಲ್ಲಿ ತಂಡಕ್ಕೆ ಯಾರಿಂದ ಜಾಸ್ತಿ ಉಪಯೋಗ?

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಪಿಇಆರ್, ಬಿಪಿಎಂ (ಬಾಕ್ಸ್ ಪ್ಲಸ್-ಮೈನಸ್, ಮುಂದೆ ಹೇಳುತ್ತೇನೆ) ಥರದವು ಬಾಕ್ಸ್ ಸ್ಕೋರ್, ಅಂದರೆ ಪಂದ್ಯದ ಅಂಕಿ-ಅಂಶದ ಪಟ್ಟಿ ನೋಡಿ ಹುಟ್ಟಿದ ಅಂಕಿಗಳು. ಎಷ್ಟು ಶಾಟ್ ಬಿತ್ತು, ಎಷ್ಟು ರಿಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದು), ಎಷ್ಟು ಅಸಿಸ್ಟ್ (ಬುಟ್ಟಿಗೆ ದಾರಿ ಮಾಡಿದ ಪಾಸ್), ಇಂಥವಷ್ಟೇ ಅವಕ್ಕೆ ಕಾಣುವುದು. ಪ್ಲಸ್-ಮೈನಸ್ ಇದ್ಯಾವುದನ್ನೂ ನೋಡುವುದಿಲ್ಲ. ಆಟಗಾರ ಕೋರ್ಟ್‌ನಲ್ಲಿದ್ದಷ್ಟು ಹೊತ್ತು ತಂಡ ಎಷ್ಟು ಅಂಕ ಮುಂದೆ ಹೋಯಿತು, ಎಷ್ಟು ಹಿಂದೆ ಬಿತ್ತು ಎನ್ನುವುದು ಮಾತ್ರ ಅದಕ್ಕೆ ಬೇಕು. ಎರಡೂ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿವೆ, ಹಾಗಾಗಿ ಹೊಂದಾಣಿಕೆ ಆಗದಿದ್ದರೆ ಆಶ್ಚರ್ಯ ಬೇಡ.

ಪಿಇಆರ್ ಬಾಸ್ಕೆಟ್‌ಬಾಲ್ ಅಂಕಣಕಾರ ಜಾನ್ ಹಾಲಿಂಜರ್ ಮಾಡಿದ್ದು. ಲೀಗ್‌ನ ಸರಾಸರಿ ಯಾವಾಗಲೂ 15 ಬರುವ ಹಾಗೆ ಹೊಂದಿಸಿದ್ದಾರೆ. ಅದರ ದೊಡ್ಡ ಕೊರತೆ ಡಿಫೆನ್ಸ್. ಸ್ಟೀಲ್ (ಚೆಂಡು ಕಸಿಯುವುದು), ಬ್ಲಾಕ್ (ಶಾಟ್ ತಡೆಯುವುದು), ಡಿಫೆನ್ಸಿವ್ ರಿಬೌಂಡ್, ಫೌಲ್ ಬಿಟ್ಟರೆ ಅದಕ್ಕೆ ಬೇರೆ ಏನೂ ಗೊತ್ತಾಗುವುದಿಲ್ಲ. ಜೊತೆಗೆ ಜಾಸ್ತಿ ಶಾಟ್ ಹೊಡೆಯುವವನಿಗೆ ಸ್ವಲ್ಪ ಧಾರಾಳ. ಅದಕ್ಕೇ ನಾನು ಪಿಇಆರ್ ನೋಡುವ ಮುಂಚೆ ಟ್ರೂ ಶೂಟಿಂಗ್ (ಶಾಟ್, ಫ್ರೀ ಥ್ರೋ ಎರಡನ್ನೂ ಸೇರಿಸಿದ ಶೂಟಿಂಗ್ ದಕ್ಷತೆ) ನೋಡುತ್ತೇನೆ. ಇಬ್ಬರೂ 20 ಅಂಕ ಹೊಡೆದಿದ್ದಾರೆ ಅಂತಿಟ್ಟುಕೊಳ್ಳಿ. ಒಬ್ಬ 20 ಶಾಟ್ ತೆಗೆದುಕೊಂಡ, ಫ್ರೀ ಥ್ರೋ ಒಂದೂ ಇಲ್ಲ. ಇನ್ನೊಬ್ಬ 12 ಶಾಟ್, 8 ಫ್ರೀ ಥ್ರೋ. ಶಾಟ್‌ಗಳಿಗೆ ಫ್ರೀ ಥ್ರೋದ 0.44 ಪಟ್ಟು ಸೇರಿಸಿ, ಎರಡರಿಂದ ಗುಣಿಸಿ, ಅದರಿಂದ ಅಂಕವನ್ನು ಭಾಗಿಸಿದರೆ ಮೊದಲನೆಯವನದು 50 ಶೇಕಡಾ, ಎರಡನೆಯವನದು 64 ದಾಟುತ್ತದೆ. ಸ್ಕೋರ್‌ಬೋರ್ಡ್‌ನಲ್ಲಿ ಇಬ್ಬರೂ ಒಂದೇ, ಆದರೆ ಮೊದಲನೆಯವನು ತಂಡದ ಎಷ್ಟೋ ಅವಕಾಶ ಸುಮ್ನೆ ಖರ್ಚು ಮಾಡಿದ್ದಾನೆ, ಅಲ್ವಾ? (0.44 ಯಾಕೆ ಅಂದರೆ, ಎಲ್ಲಾ ಫ್ರೀ ಥ್ರೋಗಳೂ ಜೋಡಿಯಾಗಿ ಬಂದು ಒಂದು ಪೊಸೆಷನ್, ಅಂದರೆ ತಂಡದ ಕೈಯಲ್ಲಿ ಚೆಂಡಿರುವ ಒಂದು ಸರದಿ, ಮುಗಿಸುವುದಿಲ್ಲ. ಬುಟ್ಟಿ ಬಿದ್ದ ಮೇಲೆ ಸಿಗುವ ಒಂದೇ ಫ್ರೀ ಥ್ರೋ ಇದೆ, ಟೆಕ್ನಿಕಲ್ ಫೌಲ್ ಇದೆ.)

ಬಿಪಿಎಂ ಇನ್ನೂ ಉತ್ತಮ. 100 ಪೊಸೆಷನ್‌ಗೆ ಸರಾಸರಿ ಆಟಗಾರನಿಗಿಂತ ಎಷ್ಟು ಅಂಕ ಮೇಲೆ ಎಂದು ಹೇಳುತ್ತದೆ. ಸೊನ್ನೆ ಎಂದರೆ ಸರಾಸರಿ, ಮೈನಸ್ 2 ಎಂದರೆ ಸುಲಭವಾಗಿ ಸಿಗುವ ಬದಲಿ ಆಟಗಾರ. 2021-22ರಲ್ಲಿ ನಿಕೋಲಾ ಯೋಕಿಚ್‌ದು 13.7 ಇತ್ತು. ಆದರೂ ಇದು ಬಾಕ್ಸ್ ಸ್ಕೋರ್‌ನ ಮಗುವೇ.

ಬಾಕ್ಸ್ ಸ್ಕೋರ್‌ಗೆ ಕಾಣದ್ದು ಏನು ಎಂದು ತಿಳಿಯಬೇಕಾದರೆ ಮೂರು ಅಂಕದ ಶಾಟ್‌ಗೆ ಹೆಸರಾದ ಸ್ಟೆಫ್ ಕರಿ ಕೈಯಲ್ಲಿ ಚೆಂಡು ಇಲ್ಲದಾಗ ಅವನನ್ನೇ ನೋಡಿ. ಮೂರು ಅಂಕದ ಗೆರೆಯಿಂದ ಎರಡು ಹೆಜ್ಜೆ ಆಚೆ ಓಡುತ್ತಿರುತ್ತಾನೆ. ಒಂದು ಸ್ಕ್ರೀನ್ (ಜೊತೆಗಾರ ಡಿಫೆಂಡರ್‌ನ ದಾರಿಗೆ ಅಡ್ಡ ನಿಲ್ಲುವುದು) ಬಂದ ತಕ್ಷಣ ಇಬ್ಬರು ಡಿಫೆಂಡರ್‌ಗಳು ಗಾಬರಿಯಾಗಿ ಅವನ ಹಿಂದೆಯೇ ಹೋಗುತ್ತಾರೆ. ಸ್ಕ್ರೀನ್ ಕೊಟ್ಟವನು ಬುಟ್ಟಿಯ ಕಡೆ ತಿರುಗುತ್ತಾನೆ, ಯಾರೋ ಪಾಸ್ ಕೊಡುತ್ತಾರೆ, ಬುಟ್ಟಿಯ ಹತ್ತಿರದಿಂದಲೇ ಸುಲಭವಾದ ಲೇಅಪ್. ಅಂಕ ಒಬ್ಬನಿಗೆ, ಅಸಿಸ್ಟ್ ಇನ್ನೊಬ್ಬನಿಗೆ. ಕರಿ ಹೆಸರಿನ ಮುಂದೆ ಏನೂ ಇಲ್ಲ. ಡಿಫೆನ್ಸ್‌ನಲ್ಲಿ ಶೇನ್ ಬ್ಯಾಟಿಯರ್ ಕೂಡ ಹೀಗೆಯೇ. ಹ್ಯೂಸ್ಟನ್ ರಾಕೆಟ್ಸ್‌ನಲ್ಲಿ ಅವನ ಅಂಕ, ರಿಬೌಂಡ್ ಎಲ್ಲಾ ಸಾಧಾರಣ. ಆದರೆ ಎದುರಾಳಿಗೆ ಇಷ್ಟವಿಲ್ಲದ ಜಾಗದಿಂದಲೇ ಶಾಟ್ ಹೊಡೆಯುವ ಹಾಗೆ ಮಾಡುತ್ತಿದ್ದ. ಅವನು ಆಡುವಾಗ ತಂಡ ಚೆನ್ನಾಗಿ ಆಡುತ್ತಿತ್ತು. ಪ್ಲಸ್-ಮೈನಸ್‌ಗೆ ಇದು ಸಿಗುತ್ತದೆ. ನನಗೆ ಅದು ಇಷ್ಟವಾಗುವುದು ಇದಕ್ಕೇ.

ಆದರೆ ಬರೀ ಪ್ಲಸ್-ಮೈನಸ್ ನಂಬಿದರೆ ಮೋಸ ಹೋಗುತ್ತೀರಿ. ನಾನೇ ಹೋಗಿದ್ದೇನೆ. ಒಂದು ಸೀಸನ್ ಪೂರ್ತಿ ನಮ್ಮ ಕ್ಲಬ್ ತಂಡದ ಲೆಕ್ಕವನ್ನು ನೋಟ್‌ಬುಕ್‌ನಲ್ಲಿ ಬರೆದೆ. ಯಾರು ಒಳಗೆ ಹೋದರು, ಯಾರು ಹೊರಗೆ ಬಂದರು, ಆಗ ಸ್ಕೋರ್ ಎಷ್ಟು. ಕೊನೆಗೆ ಬೆಂಚ್‌ನಿಂದ ಬರುವ ಒಬ್ಬ ಹುಡುಗ ಎಲ್ಲರಿಗಿಂತ ಮೇಲೆ ಬಂದ. ಇವನಿಗೆ ಜಾಸ್ತಿ ಸಮಯ ಕೊಡಿ ಅಂತ ಕೋಚ್‌ಗೆ ಹೇಳಿಯೂ ಬಿಟ್ಟೆ. ಆಮೇಲೆ ಪುಟ ತಿರುಗಿಸಿದಾಗ ಕಂಡಿದ್ದು ಬೇರೆ. ಅವನು ಒಳಗೆ ಹೋದಾಗೆಲ್ಲಾ ಪಕ್ಕದಲ್ಲಿ ನಮ್ಮ ಅತ್ಯುತ್ತಮ ಪಾಯಿಂಟ್ ಗಾರ್ಡ್ ಇದ್ದ, ಎದುರಿಗೆ ಅವರ ಎರಡನೇ ಸಾಲಿನವರು ಇದ್ದರು. ಆ ಪ್ಲಸ್ ಅವನದಾಗಿರಲಿಲ್ಲ.

ಈ ತೊಂದರೆಗೇ ಅಡ್ಜಸ್ಟೆಡ್ ಪ್ಲಸ್-ಮೈನಸ್ ಬಂದಿದ್ದು. ಅರ್ಥಶಾಸ್ತ್ರಜ್ಞ ಡ್ಯಾನ್ ರೋಸೆನ್‌ಬಾಮ್ 2004ರಲ್ಲಿ ಅದನ್ನು ಬರೆದು ತೋರಿಸಿದರು. ಒಂದು ಬದಲಾವಣೆಯಿಂದ ಮುಂದಿನ ಬದಲಾವಣೆವರೆಗಿನ ಆಟ ಒಂದು ತುಂಡು. ಆ ತುಂಡಿನಲ್ಲಿ ಹತ್ತು ಜನ ಇದ್ದಾರೆ, ಅಂಕದ ಅಂತರ ಗೊತ್ತಿದೆ. ಅದೇ ಒಂದು ಸಮೀಕರಣ. ಇಡೀ ಸೀಸನ್‌ನಲ್ಲಿ ಇಂಥ ಸಾವಿರಾರು ತುಂಡುಗಳು. ಎಲ್ಲವನ್ನೂ ಒಟ್ಟಿಗೆ ಬಿಡಿಸಿದರೆ, ಜೊತೆಯವರ ಮತ್ತು ಎದುರಿನವರ ಪಾಲು ಕಳೆದು ಒಬ್ಬೊಬ್ಬರ ಪಾಲು ಉಳಿಯುತ್ತದೆ. ಇಬ್ಬರು ಯಾವಾಗಲೂ ಒಟ್ಟಿಗೇ ಆಡಿದರೆ ಮಾತ್ರ ಲೆಕ್ಕ ಕೆಡುತ್ತದೆ. ಒಬ್ಬನಿಗೆ ಭಾರೀ ಪ್ಲಸ್, ಇನ್ನೊಬ್ಬನಿಗೆ ಭಾರೀ ಮೈನಸ್ ಬಂದುಬಿಡಬಹುದು. 2010ರಲ್ಲಿ ಜೋ ಸಿಲ್ ಇದಕ್ಕೆ ರಿಡ್ಜ್ ರಿಗ್ರೆಷನ್ ಎಂಬ ಸಂಖ್ಯಾಶಾಸ್ತ್ರದ ವಿಧಾನ ಬಳಸಿದರು, ಅದೇ ಆರ್‌ಎಪಿಎಂ (ರೆಗ್ಯುಲರೈಸ್ಡ್ ಅಡ್ಜಸ್ಟೆಡ್ ಪ್ಲಸ್-ಮೈನಸ್). ಆಧಾರ ಕಡಿಮೆ ಇರುವವನ ಅಂಕಿಯನ್ನು ಅದು ಸೊನ್ನೆಯ ಕಡೆ ಎಳೆಯುತ್ತದೆ. ಒಂದು ಸೀಸನ್‌ನ ಆರ್‌ಎಪಿಎಂ ಇನ್ನೂ ಅಲುಗಾಡುತ್ತದೆ, ಎರಡು ಮೂರು ವರ್ಷದ್ದಾದರೆ ಗಟ್ಟಿ. ಒಂದೇ ಪಂದ್ಯದ ಪ್ಲಸ್-ಮೈನಸ್‌ಗಂತೂ ಬೆಲೆಯೇ ಇಲ್ಲ. ಎದುರಾಳಿಯ ಮೂರು ಅಂಕದ ಶಾಟ್ ಎರಡು ಅದೃಷ್ಟಕ್ಕೆ ಬಿದ್ದರೆ ಅಲ್ಲೇ ಆರು ಅಂಕ ಹೋಯಿತು.

ಈಗ ನಿಮ್ಮ ಇಬ್ಬರಿಗೆ ಬರೋಣ. ಪಿಇಆರ್ ಚೆನ್ನಾಗಿರುವವನು ಯಾರ ಜೊತೆ ಆಡುತ್ತಾನೆ ಎಂದು ಲೈನ್‌ಅಪ್ (ಒಟ್ಟಿಗೆ ಆಡಿದ ಐವರ ಪಟ್ಟಿ) ತೆಗೆದು ನೋಡಿ. ಮುಖ್ಯ ಆಟಗಾರರು ಕೂತಾಗಲೇ ಅವನು ಒಳಗಿದ್ದರೆ ಆ ಮೈನಸ್‌ಗೆ ಅವನೊಬ್ಬನೇ ಕಾರಣ ಅಲ್ಲ. ಎಲ್ಲಾ ಜೊತೆಗಾರರ ಜೊತೆಗೂ ಮೈನಸ್ಸೇ ಇದೆ, ಎರಡು ವರ್ಷದಿಂದ ಇದೆ ಅಂದರೆ ಅವನ ಡಿಫೆನ್ಸ್ ಬಗ್ಗೆ ನನಗೆ ಅನುಮಾನ ಬರುತ್ತದೆ. ಎರಡನೆಯವನ ವಿಡಿಯೋ ಹತ್ತು ನಿಮಿಷ ನೋಡಿ, ಚೆಂಡನ್ನು ಬಿಟ್ಟು ಅವನ ಮೇಲೆ ಮಾತ್ರ ಕಣ್ಣಿಡಿ. ಅವರ ಹೆಸರು ಹೇಳಿದರೆ ಲೈನ್‌ಅಪ್ ನಾನೂ ತೆಗೆದು ನೋಡುತ್ತೇನೆ.